ಎಡಕ್ಕೆ ಎಳೆಯುವ ಮೇಜು

ಜನವರಿ 12, ಭಾನುವಾರ

ತಪ್ಪಿದ ಹೊಡೆತಗಳನ್ನು ಬರೆದಿಡು, ಆಟ ತಾನಾಗಿ ಸುಧಾರಿಸುತ್ತದೆ ಎಂದು ಅಮ್ಮನ ತಮ್ಮ ಉಮಾನಾಥ ಮಾವ ಹೇಳಿದ್ದರಿಂದ ಇದನ್ನು ಬರೆಯಲು ಕುಳಿತಿದ್ದೇನೆ. ಮೊದಲನೆಯ ದಿನವೇ ಗೊತ್ತಾಯಿತು, ಬರೆಯಬೇಕಾದದ್ದು ನನ್ನ ತಪ್ಪಲ್ಲ, ಮೇಜಿನ ತಪ್ಪು.

ಕರಿ ಬಾಲ್ ಮೂಲೆಯ ಪಾಕೆಟ್ಟಿನ ಬಾಯಲ್ಲೇ ಕುಳಿತಿತ್ತು. ಕಣ್ಣು ಮುಚ್ಚಿ ಹೊಡೆದರೂ ಬೀಳಬೇಕು. ಬಿಳಿ ಬಾಲ್ ಅರ್ಧ ದಾರಿ ಮರ್ಯಾದಸ್ಥರ ಹಾಗೆ ನೇರವಾಗಿ ಹೋಯಿತು, ಆಮೇಲೆ ಮನೆಯಲ್ಲಿ ಗ್ಯಾಸ್ ಆಫ್ ಮಾಡಲು ಮರೆತವರ ಹಾಗೆ ಎಡಕ್ಕೆ ತಿರುಗಿತು. ಕೈಯಲ್ಲಿದ್ದ ಕ್ಯೂ ಕೋಲನ್ನು ಮುರಿದು ಹಾಕುವಷ್ಟು ಸಿಟ್ಟು ಬಂತು.

ಮಾವನ ಬಾರಿನ ಈ ಪೂಲ್ ಮೇಜಿಗೆ ಇಲ್ಲದ ಕಾಯಿಲೆಯಿಲ್ಲ. ಬಟ್ಟೆಯ ತುಂಬ ಸಿಗರೇಟಿನ ತೂತು, ಬಿಯರ್ ಚೆಲ್ಲಿದ ಕಲೆ. ಅಂಚಿನ ಕುಶನ್ನಿಗೆ ಬಾಲ್ ಬಡಿದರೆ ಹಿಟ್ಟಿನ ಮೂಟೆಗೆ ಗುದ್ದಿದ ಸದ್ದು. ಕಾಪುವಿನ ಉಪ್ಪುಗಾಳಿಗೆ ಕ್ಯೂ ತುದಿಗೆ ಹಚ್ಚುವ ಚಾಕ್ ಕೂಡ ಒದ್ದೆ. ಇಷ್ಟನ್ನೂ ಕಾಲೇಜಿನ ದಿನಗಳಿಂದ ಸಹಿಸಿಕೊಂಡು ಬಂದೆ, ಏಕೆಂದರೆ ಮೇಜು ಮಟ್ಟವಾಗಿ ಇತ್ತು. ಈಚೆಗೆ ಅದೂ ಕೆಟ್ಟಿದೆ.

ಮಾವನನ್ನು ಕೇಳಿದರೆ ಮೇಜು ಸರಿಯುಂಟು ಎನ್ನುತ್ತಾರೆ. ಬಹ್ರೈನಿನ ದೊಡ್ಡ ಹೋಟೆಲಿನಲ್ಲಿ ಬಿಲಿಯರ್ಡ್ಸ್ ಕೋಣೆ ನೋಡಿಕೊಂಡಿದ್ದವರು ಅವರು. ಕೆನ್ನೆಯನ್ನು ಕುಶನ್ನಿಗೆ ಒತ್ತಿ ಒಂದು ಕಣ್ಣು ಮುಚ್ಚಿದರೆ ಯಾವ ಕಾಲು ಎಷ್ಟು ಎತ್ತರ ಎಂದು ಹೇಳಿಬಿಡುತ್ತಿದ್ದರಂತೆ. ಅಲ್ಲಿನ ಅರಬರೂ ಇಂಗ್ಲಿಷರೂ ಒಪ್ಪಿದ ಕಣ್ಣನ್ನು ನಾನು ಒಪ್ಪದಿದ್ದರೆ ಅವರಿಗೆ ಏನಾಗಬೇಕು.

ಮಣಿಪಾಲದ ಕ್ಲಬ್ಬಿನಲ್ಲಿ ಮುಂದಿನ ತಿಂಗಳ ಕೊನೆಗೆ ಮಹಿಳೆಯರ ಪಂದ್ಯ, ನಾನೂ ಹೆಸರು ಕೊಟ್ಟಿದ್ದೇನೆ. ಗೆಳತಿ ಲವಿಟಾ ದಿನವೂ ಸಂಜೆ ಅಲ್ಲಿನ ಹೊಸ ಮೇಜಿನಲ್ಲಿ ಆಡುತ್ತಾಳೆ. ಆ ಹೊತ್ತಿಗೆ ನಾನು ಕಾರ್ಕಳದ ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳಿಗೆ ಬಚ್ಚಲಿನ ಬಣ್ಣ ತೋರಿಸುತ್ತಿರುತ್ತೇನೆ. ನನಗೆ ಸಿಗುವುದು ಬಾರ್ ತೆರೆಯುವ ಮೊದಲಿನ ಬೆಳಗ್ಗೆ ಮಾತ್ರ. ಶಟರ್ ಅರ್ಧ ಎತ್ತಿ, ಕುಡಿಯುವವರು ಯಾರೂ ಒಳಗಿಲ್ಲದಾಗ ಆಡುವುದು ಎಂದು ಮಾವ ಅಮ್ಮನನ್ನು ಒಪ್ಪಿಸಿದ ಕರಾರು ಅದು.

ಜನವರಿ 15, ಬುಧವಾರ

ಬಡಗಿ ಯೋಗೀಶಣ್ಣ ಬಂದು ನೋಡಿದರು. ಮರ ಗಾಳಿ ಕುಡಿದಿದೆ, ಹೊಸ ಕಾಲು ಮಾಡಿಸಿ ಎಂದರು. ಬಡಗಿಯನ್ನು ಕೇಳಿದರೆ ಇನ್ನೇನು ಹೇಳಿಯಾನು. ನನ್ನನ್ನು ಕೇಳಿದರೆ ನೆಲದ್ದೇ ದೋಷ ಎನ್ನುತ್ತೇನೆ. ದಿನಾ ಬಕೆಟ್ಟುಗಟ್ಟಲೆ ನೀರು ಹಾಕಿ ತೊಳೆಯುವ ನೆಲ, ಬಾಗಿಲಿಗೆ ಇಳಿಜಾರು ಇಟ್ಟೇ ಕಟ್ಟಿರುತ್ತಾರೆ.

ಮಾವ ಇವತ್ತು ಒಂದೇ ಕೆನ್ನೆಯ ಗಡ್ಡ ತೆಗೆದು ಬಂದಿದ್ದರು. ಕರೆಂಟು ಹೋಯಿತಾ ಎಂದು ತಮಾಷೆ ಮಾಡಿದೆ. ಎಂತಕ್ಕೆ ಎಂದರು. ಅವರ ಮುಖ ನೋಡಿ ನಗು ತಡೆಯಲು ಆಗಲಿಲ್ಲ.

ಜನವರಿ 19, ಭಾನುವಾರ

ಮಾವ ಊಟಕ್ಕೆ ಮನೆಗೆ ಬಂದಿದ್ದರು. ಅಮ್ಮ ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ್ದಳು. ಬಂಗುಡೆಗೋಸ್ಕರ ಬಹ್ರೈನ್ ಬಿಟ್ಟು ಬಂದೆ ಎನ್ನುವ ಮನುಷ್ಯ, ಅನ್ನ ಮುಗಿಸಿ ಮೀನನ್ನು ತಟ್ಟೆಯಂಚಿನಲ್ಲಿ ಹಾಗೇ ಬಿಟ್ಟು ಎದ್ದರು. ಮೇಲಿಂದ ಅಕ್ಕ ಮೀನು ಹಾಕಲೇ ಇಲ್ಲ ಎಂದು ದೂರು. ಅಮ್ಮನಿಗೆ ಬೇಜಾರಾಯಿತು. ತಮ್ಮನಿಗೆ ಯಾರದೋ ದೃಷ್ಟಿ ತಗುಲಿದೆ, ವ್ಯಾಪಾರದಲ್ಲೂ ಮನಸ್ಸಿಲ್ಲ ಎಂದು ಜೋಯಿಸರಲ್ಲಿ ಪ್ರಶ್ನೆ ಇಡಲು ಹೊರಟಳು.

ಸಂಜೆಗೆ ಉತ್ತರವೂ ಬಂತು. ದೈವ ಸಂಚಾರ ಮಾಡುವ ದಾರಿಗೆ ಅಡ್ಡವಾಗಿ ಭಾರದ ವಸ್ತು ಇಟ್ಟಿದ್ದೀರಂತೆ. ಭಾರದ ವಸ್ತು ಎಂದರೆ ನಮ್ಮಲ್ಲಿ ಇರುವುದು ಒಂದೇ. ನಾಳೆ ಬೆಳಗ್ಗೆ ಬೇಗ ಆರು ಜನ ಹಿಡಿದು ಮೇಜನ್ನು ಪೂರ್ವದ ಗೋಡೆಯ ಬದಿಗೆ ತರುವುದೆಂದು ನಿಶ್ಚಯವಾಗಿದೆ. ನಾನು ಬಾಯಿ ಮುಚ್ಚಿಕೊಂಡೆ. ಜಾಗ ಬದಲಾದರೆ ಇಳಿಜಾರು ಹೋದೀತು ಎಂಬ ಸ್ವಾರ್ಥ.

ಜನವರಿ 26, ಭಾನುವಾರ

ನಂಬಲು ಆಗುತ್ತಿಲ್ಲ. ಜಾಗ ಬದಲಿಸುವಾಗ ಮೇಜನ್ನು ಹಿಂದುಮುಂದಾಗಿ ತಿರುಗಿಸಿ ಇಟ್ಟದ್ದು, ಅಂದರೆ ಮೊದಲು ತಗ್ಗಾಗಿದ್ದ ಬದಿ ಈಗ ಬಲಕ್ಕೆ ಬರಬೇಕು. ಮೊದಲಿನ ಎರಡು ದಿನ ಹಾಗೇ ಇತ್ತು. ಇವತ್ತು ನೋಡಿದರೆ ಪುನಃ ಎಡಕ್ಕೆ! ಬಾಗಿಲ ಕಡೆ ನಿಂತು ಹೊಡೆದರೆ ಬಾಲ್ ಎಡಕ್ಕೇ ಜಾರುತ್ತದೆ, ಹಿಂದಿಗಿಂತ ಹೆಚ್ಚು.

ಅಂಗಡಿಯಿಂದ ರಸಮಟ್ಟ ತಂದಿದ್ದೆ. ಟೈಲ್ಸ್ ಕೂರಿಸುವವರ ಆ ಪಟ್ಟಿಯನ್ನು ನೆಲದ ಮೇಲೆ ಎಲ್ಲಿಟ್ಟರೂ ಅದರ ಗಾಜಿನ ನಳಿಗೆಯಲ್ಲಿ ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಮೇಜಿನ ಮೇಲೆ ಇಟ್ಟರೆ ಗುಳ್ಳೆ ಒಂದು ತುದಿಗೆ ಓಡಿತು. ನೆಲದ ತಪ್ಪಿಲ್ಲ. ಯಾರೋ ಮೇಜಿನ ಕಾಲುಗಳ ಎತ್ತರ ಹೊಂದಿಸುವ ತಿರುಪು ತಿರುಗಿಸುತ್ತಿದ್ದಾರೆ.

ಮಾವನಿಗೆ ಗುಳ್ಳೆ ತೋರಿಸಿದೆ. ನಿನ್ನ ಅಂಗಡಿಯ ಸಾಮಾನೇ ಡುಪ್ಲಿಕೇಟು ಎಂದರು. ಬಾರಿನ ಕೆಲಸದ ಗಣಪಣ್ಣನ ಮೇಲೆ ನನಗೆ ಅನುಮಾನ. ನೆಲ ತೊಳೆಯುವಾಗ ಮೇಜಿನಡಿಗೆ ನುಗ್ಗುವವನು ಅವನೊಬ್ಬನೇ.

ಜನವರಿ 30, ಗುರುವಾರ

ರಜೆ ಹಾಕಿ ಮಣಿಪಾಲಕ್ಕೆ ಹೋದೆ. ಲವಿಟಾ ತನ್ನ ಸರದಿಯಲ್ಲಿ ನನಗೂ ಆಡಲು ಬಿಟ್ಟಳು. ಮೆಲ್ಲಗೆ ಹೊಡೆದ ಬಾಲ್ ಎಲ್ಲಿ ಹೋಗು ಎಂದೆನೋ ಅಲ್ಲಿಗೇ ಹೋಯಿತು. ನಾನು ಇಷ್ಟು ದಿನ ಕೆಟ್ಟ ಆಟಗಾರ್ತಿಯಾಗಿರಲಿಲ್ಲ.

ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ಮಾವ ಗೇಟಿನ ಕಂಬಕ್ಕೆ ಸ್ಕೂಟರ್ ಉಜ್ಜಿದರು. ನನ್ನ ಎಡ ಮೊಣಕಾಲು ಕೆತ್ತಿಹೋಗಿದೆ. ಗೇಟು ಸಣ್ಣದು ಮಾಡಿದ್ದಾರೆ ಎಂದು ಬೈಗುಳ ಬೇರೆ.

ಫೆಬ್ರವರಿ 2, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಗಣಪಣ್ಣನನ್ನು ಕೈಯಾರೆ ಹಿಡಿಯಬೇಕೆಂದು ಗಲ್ಲಾದ ಮೇಲಿನ ಕ್ಯಾಮರಾದಲ್ಲಿ ಈ ವಾರದ ಬೆಳಗಿನ ಚಿತ್ರಗಳನ್ನು ನೋಡಿದೆ. ಗಣಪಣ್ಣ ನೆಲ ತೊಳೆದು, ಮೇಜಿನ ಕಾಲನ್ನು ಬಟ್ಟೆಯಿಂದ ಒರೆಸಿ, ಬಕೆಟ್ ಹಿಡಿದು ಹೋಗುತ್ತಾನೆ. ಆಮೇಲೆ ಮಾವ ಬರುತ್ತಾರೆ. ಸ್ಪ್ಯಾನರ್ ಹಿಡಿದು ಮೇಜಿನಡಿ ಮಲಗಿ ಎಡಗಡೆಯ ತಿರುಪು ತಿರುಗಿಸುತ್ತಾರೆ. ಏಳುತ್ತಾರೆ, ನೋಡುತ್ತಾರೆ, ಮತ್ತೆ ಮಲಗಿ ತಿರುಗಿಸುತ್ತಾರೆ. ಒಂದು ದಿನ ಅಲ್ಲ, ಪ್ರತಿದಿನ. ನಾನು ಬರುವ ಸ್ವಲ್ಪ ಮೊದಲು.

ಯಾಕೆಂದು ಯೋಚಿಸಿದೆ, ಉತ್ತರ ಮನೆಯಲ್ಲೇ ಇತ್ತು. ಹೆಬ್ರಿಯ ಕಡೆಯಿಂದ ಒಂದು ಸಂಬಂಧ ಬಂದಿದೆ, ಹುಡುಗಿ ಬಾರಿನಲ್ಲಿ ಆಡುತ್ತಾಳೆಂದು ಅವರ ಕಿವಿಗೆ ಬಿದ್ದರೆ ಏನು ಗತಿ ಎಂದು ಅಮ್ಮ ತಿಂಗಳಿಂದ ಗೋಳಾಡುತ್ತಿದ್ದಾಳೆ. ಅಕ್ಕನ ಮಾತಿಗೆ ಮಾವ ಸೋತಿದ್ದಾರೆ. ಬೇಡ ಎಂದು ಎದುರಿಗೆ ಹೇಳುವ ಧೈರ್ಯವಿಲ್ಲ, ಅದಕ್ಕೆ ಮೇಜು ಓರೆ ಮಾಡಿ, ನಾನೇ ಬೇಸತ್ತು ಬಿಡಲಿ ಎಂದು. ಕ್ಯೂ ಹಿಡಿಯಲು ಕಲಿಸಿದ ಕೈ ಅದು. ಬೇರೆ ಯಾರು ಮಾಡಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಫೆಬ್ರವರಿ 4, ಮಂಗಳವಾರ

ಬಾರಿಗೆ ಹೋಗಲಿಲ್ಲ. ಮಾವ ಫೋನ್ ಮಾಡಿದರು, ತೆಗೆಯಲಿಲ್ಲ.

ಫೆಬ್ರವರಿ 6, ಗುರುವಾರ

ಹೋಗಲಿಲ್ಲ. ಅಮ್ಮನೊಡನೆಯೂ ಮಾತಿಲ್ಲ. ಅವಳಿಗೆ ಏನೂ ಗೊತ್ತಿಲ್ಲದ ಹಾಗೆ ನಟಿಸಲು ಚೆನ್ನಾಗಿ ಬರುತ್ತದೆ. ನಾಳೆ ಅಂಬಲಪಾಡಿಗೆ ಹೋಗುತ್ತಾಳಂತೆ, ತಮ್ಮನ ಹೆಸರಿನಲ್ಲಿ ಪೂಜೆಗೆ. ಇಬ್ಬರೂ ಸೇರಿ ನನ್ನ ಹೆಸರಿನಲ್ಲಿ ಮಾಡಿಸಿಕೊಳ್ಳಲಿ.

ಫೆಬ್ರವರಿ 9, ಭಾನುವಾರ

ಎಲ್ಲಿಂದ ಶುರುಮಾಡಲಿ.

ಬೆಳಗ್ಗೆ ಜಗಳ ಮಾಡಲೆಂದೇ ಹೋದೆ. ಶಟರ್ ಅರ್ಧ ಎತ್ತಿತ್ತು. ಮಾವ ನನ್ನನ್ನು ಕಂಡು ಹಿಗ್ಗಿದರು. ನಾನು ನಗಲಿಲ್ಲ. ಮೇಜನ್ನು ನನ್ನೆದುರಿಗೆ ಸರಿಮಾಡಿ ತೋರಿಸಿ ಎಂದೆ. ಸಿಕ್ಕಿಬಿದ್ದವರ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆ ನನಗೆ. ಅವರ ಮುಖ ಏನೂ ಆಗಲಿಲ್ಲ.

"ದಿನಾ ಮಾಡ್ತೇನಲ್ಲ, ಅದರಲ್ಲಿ ಎಂತ ಹೊಸತು?" ಎಂದು ಸ್ಪ್ಯಾನರ್ ತಂದು ಮೇಜಿನಡಿ ಮಲಗಿದರು. ಮೇಜಿನ ಎಡಗಡೆಯ ಕಾಲಿನ ತಿರುಪನ್ನು ಇನ್ನಷ್ಟು ಇಳಿಸಿದರು. ಎದ್ದು ಬಂದು ಬಾಗಿಲ ಕಡೆ ನಿಂತು, ಕೆನ್ನೆಯನ್ನು ಕುಶನ್ನಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಬರಿಗಣ್ಣಿಗೆ ಕಾಣುವಷ್ಟು ಓರೆಯಾಗಿತ್ತು ಮೇಜು. ಮಾವ ತೃಪ್ತಿಯಿಂದ ತಲೆಯಾಡಿಸಿದರು. ಬಿಳಿ ಬಾಲ್ ತೆಗೆದು ನಡುಮಧ್ಯದಲ್ಲಿ ಇಟ್ಟು ಕೈ ತೆಗೆದರು.

ಬಾಲ್ ನಿಲ್ಲಲಿಲ್ಲ. ಮೆಲ್ಲಗೆ ಹೊರಟು, ವೇಗ ಹೆಚ್ಚಿಸಿಕೊಂಡು, ಎಡಗಡೆಯ ಕುಶನ್ನಿಗೆ ಬಡಿದು ಅಲ್ಲೇ ನಿಂತಿತು. ಮೇಜಿನ ಮೇಲೆ ಬೇರೆ ಏನೂ ಇರಲಿಲ್ಲ. ಹಸುರು ಬಟ್ಟೆ, ಒಂದು ಬಿಳಿ ಬಾಲ್, ಅದರಿಂದ ಒಂದು ಗೇಣು ದೂರದಲ್ಲಿ ಮಾವನ ಎಡಗೈ.

ಈಗಲಾದರೂ ಒಪ್ಪುತ್ತಾರೆಂದು ನಾನು ಕಾಯುತ್ತಿದ್ದೆ. ಮಾವ ಮಧ್ಯವನ್ನೇ ನೋಡುತ್ತಿದ್ದರು. ಆಮೇಲೆ ಬಲಕ್ಕೆ ನೋಡಿದರು. ಬಲಗಡೆಯ ಪಾಕೆಟ್ಟುಗಳಲ್ಲಿ ಕೈ ಹಾಕಿದರು. ಬಗ್ಗಿ ಮೇಜಿನಡಿ ನೋಡಿದರು.

"ಬಾಲ್ ಎಲ್ಲಿ?" ಎಂದರು.

ತಮಾಷೆ ಸಾಕು ಎಂದೆ. ಇನ್ನೂ ಗಟ್ಟಿಯಾಗಿ ಏನೋ ಹೇಳುವವಳಿದ್ದೆ.

"ನೀನೇ ತೆಗೆದದ್ದಲ್ವಾ? ಕೊಡು ಮಾರಾಯ್ತಿ," ಎಂದು ಬಲಗೈ ಚಾಚಿದರು. ಮುಖದಲ್ಲಿ ತಮಾಷೆ ಇರಲಿಲ್ಲ. ನಿಜವಾಗಿ ಹುಡುಕುತ್ತಿದ್ದರು.

ನಾನು ಅವರ ಎಡಬದಿಗೆ ಹೋಗಿ ನಿಂತೆ. ಮುಖದ ಪಕ್ಕದಲ್ಲಿ ಕೈ ಆಡಿಸಿದೆ. ತಿರುಗಲಿಲ್ಲ. ಮಾವ ಎಂದೆ. ಅವರು ಬಲಕ್ಕೆ, ನಾನಿಲ್ಲದ ಕಡೆಗೆ ತಿರುಗಿ, ಎಲ್ಲಿಗೆ ಹೋದೆ ಎಂದರು. ಸುತ್ತುಹಾಕಿ ಬಲಬದಿಗೆ ಬಂದೆ. ಆಗ ಅವರಿಗೆ ಕಂಡೆ.

ಬೋಳಿಸದ ಕೆನ್ನೆ ಎಡಗಡೆಯದ್ದು. ಮೀನು ಇದ್ದದ್ದು ತಟ್ಟೆಯ ಎಡಕ್ಕೆ. ಗೇಟಿಗೆ ಉಜ್ಜಿದ ನನ್ನ ಮೊಣಕಾಲೂ ಎಡದ್ದೇ. ನಾವೆಲ್ಲ ಮೇಜನ್ನು ನೋಡಿದೆವು, ನೆಲವನ್ನು ನೋಡಿದೆವು, ದೈವದ ದಾರಿಯನ್ನು ನೋಡಿದೆವು. ಮೇಜನ್ನು ನೋಡುತ್ತಿದ್ದ ಮನುಷ್ಯನನ್ನು ಒಬ್ಬರೂ ನೋಡಲಿಲ್ಲ.

ಫೆಬ್ರವರಿ 10, ಸೋಮವಾರ

ಮಣಿಪಾಲದ ಆಸ್ಪತ್ರೆ. ಬಾರಿಗೆ ಬಾಟಲಿ ತರಲು ಉಡುಪಿಗೆ ಹೋಗುವುದೆಂದು ಸುಳ್ಳು ಹೇಳಿ ಕಾರು ಹತ್ತಿಸಿದ್ದು.

ಡಾಕ್ಟರಮ್ಮ ಒಂದು ಗಡಿಯಾರ ಬರೆಯಿರಿ ಎಂದರು. ಮಾವ ಚೆಂದದ ವೃತ್ತ ಬರೆದು, ಹನ್ನೆರಡರಿಂದ ಆರರವರೆಗೆ ಅಂಕಿ ತುಂಬಿಸಿ, ಪೆನ್ನು ಕೆಳಗಿಟ್ಟು, ಆಯಿತು ಎಂದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಂಜೆ ಸ್ಕ್ಯಾನಿನ ಚಿತ್ರ ತೋರಿಸಿದರು. ತಲೆಯ ಬಲಗಡೆ ಲಿಂಬೆಯ ಗಾತ್ರದ ಗಂಟು. ನಿಧಾನಕ್ಕೆ ಬೆಳೆದದ್ದಂತೆ, ಕ್ಯಾನ್ಸರಿನಂತೆ ಕಾಣುವುದಿಲ್ಲವಂತೆ. ಕಣ್ಣಿನಲ್ಲಿ ದೋಷವಿಲ್ಲ, ಆದರೆ ಎಡಗಡೆ ಎಂಬುದು ಒಂದು ಉಂಟು ಎಂಬ ಲೆಕ್ಕವೇ ಅವರ ತಲೆಯೊಳಗೆ ಅಳಿಸಿಹೋಗುತ್ತಿದೆ ಎಂದರು. ನೇರ ಯಾವುದು, ಓರೆ ಯಾವುದು ಎಂಬುದು ಕೂಡ. ಹಾಗೇ ಬಿಟ್ಟರೆ ಅಪಸ್ಮಾರ ಬರಬಹುದು, ಜೀವಕ್ಕೇ ಮುಟ್ಟಬಹುದು. ತೆಗೆಯಲೇಬೇಕು.

ನಾನು ಅವರ ಮೇಲೆ ಏನೇನು ಹೊರಿಸಿದ್ದೆ ಎಂಬುದು ಹಿಂದಿನ ಪುಟಗಳಲ್ಲಿದೆ. ತಿರುವಿ ನೋಡುವ ಧೈರ್ಯವಿಲ್ಲ.

ಫೆಬ್ರವರಿ 12, ಬುಧವಾರ

ಮಾವ ಒಪ್ಪುತ್ತಿಲ್ಲ. ನೋವಿಲ್ಲ, ಜ್ವರವಿಲ್ಲ, ಸರಿಯಿರುವ ತಲೆಯನ್ನು ಎಂತಕ್ಕೆ ತೆರೆಸಿಕೊಳ್ಳುವುದು ಎಂದು ಹಠ. ನಿನ್ನೆಯಿಂದ ಅಮ್ಮ ಅತ್ತು, ಬೈದು, ಕಾಲು ಹಿಡಿದು ಸಾಕಾದಳು. ಚಿತ್ರ ತೋರಿಸಿದರೆ ಬೇರೆಯವರದ್ದು ಅದಲುಬದಲಾಗಿದೆ ಎಂದರು. ಬಾಲ್ ಉರುಳಿದ್ದನ್ನು ಹೇಳಿದರೆ, ಬಾಲ್ ನೀನು ತೆಗೆದದ್ದು ಎಂದರು. ಅವರಿಗೆ ಅವರದು ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತಪ್ಪಿದೆ ಎಂದು ತೋರಿಸುವುದಾದರೂ ಯಾವ ಕಣ್ಣಿಗೆ? ನನಗೆ ನಿಜಕ್ಕೂ ಭಯವಾದದ್ದು ಆಗ.

ಕೊನೆಗೆ ಅಮ್ಮನನ್ನು ಚಹಾಕ್ಕೆ ಕಳುಹಿಸಿ, ಬಲಗಡೆಯ ಕುರ್ಚಿಯಲ್ಲಿ ಕುಳಿತೆ. ವಾದ ಮಾಡಲಿಲ್ಲ. ಕ್ಯೂ ಹಿಡಿದಂದಿನಿಂದ ನಿಮ್ಮ ಕಣ್ಣನ್ನು ನಂಬಿ ಆಡಿದವಳು ನಾನು, ಇದೊಂದು ಸಲ ನನ್ನ ಕಣ್ಣನ್ನು ನಂಬಿ ಎಂದೆ. ಅಷ್ಟು ಹೇಳುವಾಗಲೇ ಅಳು ಬಂತು.

ಮಾವ ಬಲಗೈಯಿಂದ ನನ್ನ ಕಣ್ಣು ಒರೆಸಿದರು.

"ನನಗೆ ಎಲ್ಲ ಸರಿಯೇ ಕಾಣ್ತದೆ ಸೌಮ್ಯಾ," ಎಂದರು. "ಆದರೆ ನೀನು ಸುಳ್ಳು ಹೇಳುವವಳಲ್ಲ. ಸರಿ ಇಲ್ಲ ಅಂತ ನೀನು ಹೇಳಿದರೆ ಸರಿ ಇಲ್ಲದೆ ಇರಬಹುದು. ಮಾಡಿಸುವ."

ಬಾಟಲಿಯ ಸುಳ್ಳು ಹೇಳಿ ಕರೆತಂದವಳು ನಾನು.

ಫೆಬ್ರವರಿ 17, ಸೋಮವಾರ

ಬೆಳಗ್ಗೆ ಮಾವನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಕಳೆದರೂ ಸುದ್ದಿಯಿಲ್ಲ. ಗಣಪಣ್ಣ ಕಾಪುವಿನಿಂದ ಬಂದು ಮೆಟ್ಟಿಲ ಮೇಲೆ ಕುಳಿತಿದ್ದ. ಅವನನ್ನು ಅನುಮಾನಿಸಿದ್ದೆ ಎಂದು ಅವನಿಗೆ ಗೊತ್ತಿಲ್ಲ. ಅವನು ತಂದ ಗೋಳಿಬಜೆಯನ್ನು ಇಬ್ಬರೂ ತಿಂದೆವು.

ಸಂಜೆ ಹೇಳಿದರು. ಗಂಟು ಪೂರ್ತಿ ಹೊರಗೆ ಬಂದಿದೆ. ಜೀವಕ್ಕೆ ತೊಂದರೆಯಿಲ್ಲ.

ಫೆಬ್ರವರಿ 20, ಗುರುವಾರ

ಗಂಟು ಹೋಯಿತು, ಎಡಬದಿ ಬರಲಿಲ್ಲ. ಅದು ತಾನಾಗಿ ಬರುವುದಿಲ್ಲ, ಕರೆತರಬೇಕು ಎಂದು ವ್ಯಾಯಾಮ ಮಾಡಿಸುವ ಕ್ಯಾರೆನ್ ಹೇಳಿದಳು. ಮನೆಯವರು ಯಾರೂ ಬಲಗಡೆ ನಿಲ್ಲಬಾರದಂತೆ. ಬಲಗಡೆ ಎಲ್ಲ ಸಿಗುತ್ತಿದ್ದರೆ ಎಡಗಡೆಗೆ ತಿರುಗುವುದಾದರೂ ಯಾಕೆ? ಎಡಕ್ಕೇ ನಿಂತು ಮಾತಾಡಬೇಕು, ಎಡಗೈ ಮುಟ್ಟಬೇಕು, ಅವರಾಗಿ ತಿರುಗುವವರೆಗೆ ಕಾಯಬೇಕು.

ಅಮ್ಮನಿಂದ ಆಗಲಿಲ್ಲ. ಕಣ್ಣೆದುರು ಇರುವ ತಮ್ಮನಿಗೆ ತಾನು ಕಾಣದಿರುವುದನ್ನು ಒಂದು ಗಳಿಗೆಯೂ ತಡೆದುಕೊಳ್ಳಲಾರದೆ ಬಲಕ್ಕೆ ಓಡಿದಳು. ನಾನು ಎಡಗಡೆ ನಿಂತು ಅವರ ಎಡಗೈ ಹಿಡಿದುಕೊಂಡೆ. ಮಾವ, ನಾನು ಬಂದಿದ್ದೇನೆ ಎಂದೆ. ಅವರು ಅಮ್ಮನ ಕಡೆಗೇ ನೋಡುತ್ತಿದ್ದರು.

"ಅಕ್ಕ, ಸೌಮ್ಯಾ ಬರ್ಲಿಲ್ವಾ?"

ಅಮ್ಮ ನನ್ನನ್ನು ನೋಡಿದಳು. ನಾನು ಇನ್ನೂ ಗಟ್ಟಿಯಾಗಿ ಕರೆದೆ. ಅವರು ಅಮ್ಮನ ಹಿಂದೆ, ಬಾಗಿಲಿನ ಕಡೆ ಹುಡುಕಿದರು.

"ಮೇಜಿನ ಸಿಟ್ಟು ಇನ್ನೂ ಹೋಗ್ಲಿಲ್ಲ ಕಾಣ್ತದೆ ಅವಳಿಗೆ," ಎಂದರು.

ಅವರ ಬೆರಳುಗಳು ನನ್ನ ಮುಷ್ಟಿಯೊಳಗೇ ಇದ್ದವು. ಹೊರಗೆ ಬಂದು ಗೋಡೆಗೆ ಒರಗಿ ಅತ್ತೆ. ಆಮೇಲೆ ಒಳಗೆ ಹೋಗಿ ಪುನಃ ಎಡಗಡೆಯೇ ನಿಂತೆ.

ಫೆಬ್ರವರಿ 24, ಸೋಮವಾರ

ಅಂಗಡಿಗೆ ಅರ್ಧ ದಿನ, ಆಸ್ಪತ್ರೆಗೆ ಅರ್ಧ ದಿನ. ಎಡಗಡೆ ನಿಂತು ಪೇಪರ್ ಓದಿ ಹೇಳಿದೆ. ಎಡಗೈಗೆ ಕಿತ್ತಳೆಯ ತೊಳೆ ಕೊಟ್ಟೆ. ತೊಳೆ ಹಾಸಿಗೆಗೆ ಬಿತ್ತು. ಮಾವನ ಕಣ್ಣು ಮೂಗಿನ ನೇರದವರೆಗೆ ಬಂದು, ಅಲ್ಲಿ ಗೋಡೆ ಇದ್ದ ಹಾಗೆ ಹಿಂದೆ ಹೋಗುತ್ತದೆ. ಕ್ಯಾರೆನ್ ಅದನ್ನೇ ದೊಡ್ಡ ಸಂಗತಿ ಎಂದಳು.

ಲವಿಟಾ ಫೋನ್ ಮಾಡಿದ್ದಳು, ನಿನ್ನೆಯ ಪಂದ್ಯ ಗೆದ್ದಳಂತೆ. ಕಿತ್ತಳೆ ಮುಗಿದಿದೆ, ನಾಳೆ ತರಬೇಕು.

ಮಾರ್ಚ್ 2, ಭಾನುವಾರ

ಅಮ್ಮ ಬಲಗಡೆಯ ಕುರ್ಚಿಯನ್ನು ತಾನೇ ಎತ್ತಿ ಹೊರಗಿಟ್ಟಳು. ನಾವಿಬ್ಬರೂ ಎಡಗಡೆ ನಿಂತಿದ್ದೆವು. ಅಮ್ಮ ಮೀನಿನ ಮಾರ್ಕೆಟಿನ ಸುದ್ದಿ ಹೇಳುತ್ತಿದ್ದಳು, ನಾನು ಮಾವನ ಎಡಗೈಯ ಬೆರಳುಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದೆ. ಇಷ್ಟು ದಿನದ ಅಭ್ಯಾಸದಿಂದ ಅವರ ಮುಖ ನೋಡುವುದನ್ನೇ ನಾನು ಬಿಟ್ಟುಬಿಟ್ಟಿದ್ದೆ.

ಕೈಯೊಳಗಿದ್ದ ಬೆರಳು ಬಿಗಿಯಾಯಿತು. ತಲೆಯೆತ್ತಿದೆ. ಮಾವನ ಕುತ್ತಿಗೆ ನಡುಗುತ್ತಾ ನಡುಗುತ್ತಾ ಈಚೆಗೆ ತಿರುಗುತ್ತಿತ್ತು. ಕಣ್ಣು ಮೂಗಿನ ನೇರ ದಾಟಿತು, ಒಂದು ಸಲ ಹಿಂದೆ ಹೋಯಿತು, ಮತ್ತೆ ಬಂತು. ಬಂದು ನನ್ನ ಮುಖದ ಮೇಲೆ ನಿಂತಿತು. ಅಮ್ಮನ ಮಾತು ಅರ್ಧಕ್ಕೇ ನಿಂತಿತು.

ಮಾವ ನನ್ನನ್ನು ಬಹಳ ಹೊತ್ತು ನೋಡಿದರು.

"ಬಂದೆಯಾ? ಇಷ್ಟು ದಿನ ಎಲ್ಲಿದ್ದಿ ಮಾರಾಯ್ತಿ? ಸಿಟ್ಟು ಇಳಿಯಿತಾ?"

ಅಮ್ಮ ತಡೆಯಲಾರದೆ ಏನೋ ಹೇಳಹೊರಟಳು. ಬೇಡವೆಂದು ಕೈ ಮಾಡಿದೆ. ಸಿಟ್ಟು ಮಾಡಿ ಹೋದವಳು ತಿರುಗಿ ಬಂದಳೆಂದು ಅವರ ಮುಖ ಅಷ್ಟು ಅರಳಿತ್ತು.

"ಇಳಿಯಿತು ಮಾವ," ಎಂದೆ. "ಬರುವಾಗ ತಡ ಆಯಿತು."